ಕಪ್ ಅಲ್ಲಾಡಿಸಲು ಕಲಿಸಿದ ನೂಫ್

1984ರಲ್ಲಿ ನಾನು ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನ ಒಂದು ಖಾಸಗಿ ಶಾಲೆಯಲ್ಲಿ ಕೆಜಿ ಮಕ್ಕಳ ಇಂಗ್ಲಿಷ್ ಟೀಚರ್. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಗ್ರಾಮರ್ ರೂಲುಗಳನ್ನು ಬಾಯಿಪಾಠ ಮಾಡಿಸಿದ್ದರು. ಐದು ವರ್ಷದ ಈ ಅರಬ್ ಮಕ್ಕಳಿಗೆ ರೂಲ್ ಹೇಳಿ ಏನು ಪ್ರಯೋಜನ? "ಟೀಚರ್ ಟಾಲ್", "ದಿಸ್ ಮೈ ಬ್ಯಾಗ್" ಎಂದೇ ಅವರ ಆರಂಭ. ಅರಬ್ಬಿಯಲ್ಲಿ ಇಂಥ ಕಡೆ ‘ಈಸ್’ ಬೇಕಿಲ್ಲ, ಹಾಗಾಗಿ ಇಲ್ಲೂ ಬಿಟ್ಟುಬಿಡುತ್ತಿದ್ದರು.

ನನ್ನ ಕ್ಲಾಸಿನ ನೂಫ್ ಆ ತಪ್ಪನ್ನೂ ಮಾಡಲಿಲ್ಲ, ಏಕೆಂದರೆ ಅವಳು ಇಂಗ್ಲಿಷಿನಲ್ಲಿ ಬಾಯಿಯೇ ಬಿಡಲಿಲ್ಲ. ವರ್ಷವಿಡೀ ನನ್ನ ತುಟಿಗಳನ್ನೇ ನೋಡುತ್ತ ಕೂತಳು. ಓರಲ್ ಟೆಸ್ಟಿನಲ್ಲಿ ಸೇಬಿನ ಚಿತ್ರ ಹಿಡಿದು "ವಾಟ್ ಈಸ್ ದಿಸ್?" ಎಂದೆ. ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಅಷ್ಟೇ.

"ಮಿಸ್ ಲಿಲ್ಲಿ, ಇವಳ ತಲೆಗೆ ಇಂಗ್ಲಿಷ್ ಹೋಗಿಲ್ಲ. ಇನ್ನೊಂದು ವರ್ಷ ಕೆಜಿಯಲ್ಲೇ ಇರಲಿ," ಎಂದರು ಸೂಪರ್‌ವೈಸರ್ ಸಮೀರಾ, ಈಜಿಪ್ಟಿನವರು. ಜೊತೆಯ ಮಕ್ಕಳೆಲ್ಲ ಫಸ್ಟ್‌ಗೆ ಹೋಗುವಾಗ ಇವಳೊಬ್ಬಳೇ ಹಿಂದೆ! ನಾನು ಮನೆಯಲ್ಲಿ ಅದನ್ನೇ ಹೇಳಿ ಹೇಳಿ ನನ್ನವರಿಗೆ ಸಾಕಾಯಿತು. "ಎಂತ ಮಾರಾಯ್ತಿ, ಆ ಹುಡುಗಿ ಮಾತಾಡುದಿಲ್ಲ ಅಂತ ನೀನು ಇಬ್ಬರದ್ದೂ ಸೇರಿಸಿ ಮಾತಾಡ್ತೀಯಲ್ಲ!"

ತಾಯಿಗೆ ವಿಷಯ ತಿಳಿಸಲು ಸಮೀರಾ ಮತ್ತು ನಾನು ನೂಫ್‌ಳ ಮನೆಗೆ ಹೋದೆವು. ಹೆಂಗಸರ ಕೋಣೆಯಲ್ಲಿ ಖರ್ಜೂರ, ಏಲಕ್ಕಿ ಹಾಕಿದ ಕಹಿ ಗಹ್ವಾ ಕಾಫಿ. ಪುಟ್ಟ ಕಪ್ ಖಾಲಿಯಾದೊಡನೆ ತಾಯಿ ಮತ್ತೆ ತುಂಬಿಸಿದರು. "ಥ್ಯಾಂಕ್ಯೂ, ಬಸ್" ಎಂದೆ. ಮತ್ತೆ ತುಂಬಿಸಿದರು. ನಮ್ಮ ಊರಲ್ಲೂ ಸಾಕೆಂದರೆ ನಾಚಿಕೆಯೆಂದು ತಿಳಿದು ಇನ್ನಷ್ಟು ಬಡಿಸುತ್ತಾರಲ್ಲ, ಇದೂ ಹಾಗೇ ಇರಬೇಕೆಂದು ನಾನು ಮರ್ಯಾದೆಗೆ ಕುಡಿಯುತ್ತಲೇ ಹೋದೆ. ಸಮೀರಾ ನಗು ತಡೆಯುತ್ತ ಕೂತಿದ್ದರು.

ತಾಯಿ ಮತ್ತೆ ಬಗ್ಗಿದರು. ಅವರ ಹಿಂದೆ ನಿಂತಿದ್ದ ನೂಫ್ ಮುಂದೆ ನುಗ್ಗಿದಳು.

"ಟೀಚರ್! ಯು ನಾಟ್ ಶೇಕ್ಡ್ ದ ಕಪ್! ವೆನ್ ಯು ಶೇಕ್, ಮಾಮಾ ಸ್ಟಾಪ್!"

ನನ್ನ ಕೈ ಹಿಡಿದು ಕಪ್ಪನ್ನು ಅತ್ತಿತ್ತ ಅಲ್ಲಾಡಿಸಿಯೂ ತೋರಿಸಿದಳು. ಸಾಕೆನ್ನುವುದಕ್ಕೆ ಅಲ್ಲಿಯ ಪದ್ಧತಿ ಅದು. ತಾಯಿ ತಕ್ಷಣ ಹೂಜಿ ಕೆಳಗಿಟ್ಟರು. ನನಗೆ ಮೈ ಜುಂ ಎಂದಿತು. ‘ವೆನ್’ ಇಟ್ಟು ಎರಡು ಮಾತು ಜೋಡಿಸುವುದನ್ನು ನಾನು ಆ ಕ್ಲಾಸಿಗೆ ಕಲಿಸಿಯೇ ಇರಲಿಲ್ಲ. ಸರಿಯಾದದ್ದು ‘ಶುಕ್’; ‘ಶೇಕ್ಡ್’ ಎಂದು ಯಾರೂ ಹೇಳುವುದಿಲ್ಲ, ಅಂದಮೇಲೆ ಎಲ್ಲೂ ಕೇಳಿದ್ದಲ್ಲ. ವಾಷ್ಡ್, ವಾಕ್ಡ್ ಕೇಳಿ ಕೇಳಿ ಆ ಮಗು ಒಳಗೊಳಗೇ ರೂಲ್ ಕಟ್ಟಿಕೊಂಡಿತ್ತು! ನಾವು ಖಾಲಿಯೆಂದುಕೊಂಡ ಮೌನದಲ್ಲಿ ಅಷ್ಟು ದೊಡ್ಡ ಕೆಲಸ ನಡೆಯುತ್ತಿತ್ತು, ಓ ಮೈ ಗಾಡ್.

"ಖಲಾಸ್, ಮಿಸ್ ಲಿಲ್ಲಿ," ಎಂದರು ಸಮೀರಾ, ಕಣ್ಣೊರೆಸಿಕೊಂಡು ನಗುತ್ತ. "ಇವಳು ಫಸ್ಟ್‌ಗೆ. ನೀವು ಬೇಕಾದರೆ ಕೆಜಿಯಲ್ಲೇ ಇರಿ."

ಸೇಬು ಸೇಬೆಂದು ನನಗೆ ಗೊತ್ತೇ ಇತ್ತು. ಅದನ್ನು ನನಗೆ ಹೇಳಬೇಕೆಂದು ನೂಫ್‌ಗೆ ಅನ್ನಿಸಲಿಲ್ಲ. ಕಪ್ಪಿನ ವಿಷಯ ನನಗೆ ಗೊತ್ತಿರಲಿಲ್ಲ. ಆಮೇಲೆ ನಾನು ಟೀಚರ್ ಆಗಿದ್ದಷ್ಟು ಕಾಲ, ಮಾತಾಡದ ಮಗುವಿನ ಬಳಿ ಕೂತು ಮೊದಲು ನನಗೆ ಗೊತ್ತಿಲ್ಲದ್ದನ್ನೇ ಕೇಳುತ್ತಿದ್ದೆ.