ತಂತಿಯ ಮೇಲಿನ ಅಂಗಿ

ನಾವು ಓದುತ್ತಿದ್ದಾಗ ಉತ್ತರ ಗೊತ್ತಿದ್ದವರು ಹೊಡೆಯುತ್ತಿದ್ದರು, ಗೊತ್ತಿಲ್ಲದವರು ಹೊಡೆಸಿಕೊಳ್ಳುತ್ತಿದ್ದರು. ಪ್ರಶ್ನೆಗೆ ಸರಿಯಾಗಿ ಹೇಳಿದವರು ಎದ್ದು ಬಂದು, ಹೇಳದವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ಮೇಷ್ಟ್ರು ನಮ್ಮ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಈ ಪದ್ಧತಿ ಕಂಡವರು ನಿಮ್ಮಲ್ಲೂ ಬಹಳ ಮಂದಿ ಇರಬೇಕು.

ಚನ್ನರಾಯಪಟ್ಟಣದಲ್ಲಿ ನಾನಾಗ ಒಂಬತ್ತನೇ ಕ್ಲಾಸು. ಅಪ್ಪನದು ಕೊಬ್ಬರಿ ವ್ಯಾಪಾರ. ವರ್ಷವೆಲ್ಲ ಕೊಬ್ಬರಿ ವಾಸನೆ ಹೊಡೆಯುತ್ತಿದ್ದ ನಮ್ಮ ಮನೆ ಅವರೆಕಾಯಿ ಕಾಲದಲ್ಲಿ ಮಾತ್ರ ಸೊಗಡಿನ ಘಮಕ್ಕೆ ತಿರುಗುತ್ತಿತ್ತು. ಹಿತ್ತಲಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಿತ್ತು. ಆ ವರ್ಷ ಅರಕಲಗೂಡಿನ ಕಡೆಯಿಂದ ರತ್ನಮ್ಮ ಎಂಬುವರು ಮಗಳ ಜೊತೆ ಅಲ್ಲಿಗೆ ಬಂದರು. ಯಜಮಾನರು ಲಾರಿ ಡ್ರೈವರಂತೆ, ಲೋಡಿನ ಮೇಲೆ ಹೋದರೆ ಹದಿನೈದು ದಿನವಂತೆ. ರತ್ನಮ್ಮ ಬೀದಿಯ ಹೆಂಗಸರಿಗೆ ಬ್ಲೌಸು ಹೊಲಿಯುತ್ತಿದ್ದರು. ವಾರಕ್ಕೆರಡು ಸಲ ಅವರ ತಂತಿಯ ಮೇಲೆ ಗಂಡಸಿನ ಖಾಕಿ ಅಂಗಿ ಒಣಗುತ್ತಿತ್ತು. ಅದನ್ನು ಕಂಡಾಗಲೆಲ್ಲ ಅಮ್ಮ, "ಡ್ರೈವರಪ್ಪ ರಾತ್ರಿ ಬಂದು ಬೆಳಿಗ್ಗೆನೇ ಹೊರಟ್ನೇನೋ ಪಾಪ" ಅನ್ನುತ್ತಿದ್ದಳು.

ಮಗಳು ಮಂಜುಳ, ನಾನು ಕರೆಯುತ್ತಿದ್ದದ್ದು ಮಂಜಿ, ನನ್ನ ಕ್ಲಾಸಿಗೇ ಸೇರಿದಳು. ಬಂದ ವಾರದೊಳಗೆ ನಾವು ಒಂದೇ ಜೀವವಾಗಿದ್ದೆವು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಬೆವರುತ್ತಿದ್ದಳು.

ಇಂಗ್ಲಿಷ್ ಮೇಷ್ಟ್ರು ಹಾಸನದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಪ್ರತಿ ಶನಿವಾರ ಪದ್ಯದ ಮೇಲೋ ಕಥೆಯ ಮೇಲೋ ಅವರದೊಂದು ಪ್ರಶ್ನೆ. ಗೈಡಿನ ಉತ್ತರ ಹೇಳಿದರೆ ಲೆಕ್ಕಕ್ಕಿಲ್ಲ. ಸ್ವಂತ ಉತ್ತರ ಹೇಳಿದವರಿಗೆ ಇಡೀ ಕ್ಲಾಸಿನ ಕೆನ್ನೆ ಸಿಗುತ್ತಿತ್ತು. ಮೂರು ಶನಿವಾರದಿಂದ ಅದು ಸುರೇಶನ ಪಾಲಾಗಿತ್ತು. ಅವನು ಹೊಡೆಯುವ ಮುಂಚೆ ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತಿದ್ದ. ಅವನ ಐದು ಬೆರಳಿನ ಗುರುತು ಹೊತ್ತುಕೊಂಡು ಮನೆಗೆ ಬರುವಾಗ, ಒಂದೇ ಒಂದು ಶನಿವಾರ ನನ್ನದಾಗಲಿ ಎಂದು ದೇವರಿಗೆ ಹರಕೆ ಹೊತ್ತಿದ್ದೆ. ನನಗೆ ಬೇಕಾಗಿದ್ದದ್ದು ವಿದ್ಯೆಯಲ್ಲ, ಹೊಡೆಯುವ ಸರದಿ.

ಆ ವಾರದ ಪದ್ಯ ಒಬ್ಬ ಕಮ್ಮಾರನ ಹೆಂಡತಿಯದು. ಗಂಡ ಸತ್ತು ವರ್ಷ ಕಳೆದರೂ ಅವಳು ಅವನ ಅಂಗಿಯನ್ನು ಒಗೆದು ಬಾಗಿಲ ಮುಂದೆ ಒಣಹಾಕುತ್ತಾಳೆ. ಯಾಕೆ ಎನ್ನುವುದೇ ಪ್ರಶ್ನೆ. ಗಂಡನ ಮೇಲಿನ ಪ್ರೀತಿಯಿಂದ ಎಂದು ಗೈಡು ಹೇಳುತ್ತಿತ್ತು.

ಶುಕ್ರವಾರ ಸಂಜೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ಮಂಜಿ ಮತ್ತು ನಾನು ನೆನೆದ ಅವರೆಕಾಳು ಹಿದುಕುತ್ತಿದ್ದೆವು. ಕೈಯೆಲ್ಲ ಲೋಳೆ. ನಾನು ಪದ್ಯ ಓದಿ ಕನ್ನಡದಲ್ಲಿ ಹೇಳಿದೆ. ಮಂಜಿ ಬೇಳೆಯನ್ನು ಬೋಸಿಗೆ ಚಿಮ್ಮಿಸುತ್ತಾ, "ಪ್ರೀತಿನೂ ಅಲ್ಲ, ಏನೂ ಅಲ್ಲ ಕಣೇ" ಅಂದಳು.

"ಮತ್ತೆ?"

"ಮನೇಲಿ ಗಂಡಸವ್ನೆ ಅಂತ ಬೀದಿಗೆ ಕಾಣ್ಬೇಕಲ್ಲ, ಅದ್ಕೆ. ಒಬ್ಳೇ ಅವ್ಳೆ ಅಂತ ಗೊತ್ತಾದ್ರೆ ಜನ ಸುಮ್ಕೆ ಬುಟ್ಟಾರಾ?"

"ನಿಂಗೆ ಹೆಂಗೆ ಗೊತ್ತು?"

ಅವಳು ಕೂತಲ್ಲೇ ನನ್ನ ಹತ್ತಿರಕ್ಕೆ ಜರುಗಿ, ಅಪ್ಪ ಸತ್ತು ಎರಡು ವರ್ಷವಾಯಿತು ಎಂದಳು. ಗಂಡನಿಲ್ಲ ಅಂದರೆ ಯಾರೂ ಮನೆ ಕೊಡುತ್ತಿರಲಿಲ್ಲವಂತೆ. ಮನೆ ಕೊಟ್ಟ ಒಂದು ಕಡೆ ಕತ್ತಲಾದರೆ ಬಾಗಿಲು ತಟ್ಟುತ್ತಿದ್ದರಂತೆ. ಅದಕ್ಕೇ ರತ್ನಮ್ಮ ಕುಂಕುಮ, ತಾಳಿ ತೆಗೆಯದೆ ಊರು ಬದಲಾಯಿಸಿದ್ದರು.

"ಯಾರ್‌ಗೂ ಯೋಳ್ಬ್ಯಾಡ ಶೈಲಾ. ವಿದ್ಯೆ ಆಣೆ ಮಾಡು."

ಲೋಳೆಗೈಯಲ್ಲೇ ಇಂಗ್ಲಿಷ್ ಪುಸ್ತಕ ಮುಟ್ಟಿ ಆಣೆ ಮಾಡಿದೆ.

ರಾತ್ರಿ ಹಿದುಕಿದ ಬೇಳೆ ಸಾರು, ಮುದ್ದೆ ಉಂಡು, ಅವಳು ಹೇಳಿದ್ದನ್ನು ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷಿಗೆ ತಿರುಗಿಸಿದೆ. ಅವಳ ಮನೆಯ ಸುದ್ದಿ ಹೇಳುವುದಿಲ್ಲವಲ್ಲ, ಪದ್ಯದ ಅರ್ಥವನ್ನಷ್ಟೇ ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ.

ಶನಿವಾರ ಸುರೇಶ ಎದ್ದು ಪ್ರೀತಿ ಎಂದ, ಮೇಷ್ಟ್ರು ಕೂರಿಸಿದರು. ನಾನು ಎದ್ದು ನನ್ನ ನಾಲ್ಕು ವಾಕ್ಯ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾವ ಗೈಡಮ್ಮ ಇದು?"

"ಗೈಡಲ್ಲ ಸಾ. ಸ್ವಂತ."

"ಸುಳ್ಳು ಹೇಳ್ಬೇಡ. ಇಷ್ಟು ವಯಸ್ಸಿಗೆ ಇದು ಹೊಳೆಯೋ ಮಾತಲ್ಲ. ಯಾರು ಬರ್ಕೊಟ್ರು?"

ಸುರೇಶ ಕಿಸಕ್ಕೆಂದು ನಕ್ಕ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎನ್ನಿಸಿತು. ಮಂಜಿ ಹೇಳಿದ್ದು ಅಂದಿದ್ದರೆ ಸಾಕಿತ್ತು. ಆಗ ಆ ಶನಿವಾರ ಅವಳದಾಗುತ್ತಿತ್ತು. ಅದನ್ನು ನನ್ನ ಕೈಯಲ್ಲಿ ಹೇಳಲಾಗಲಿಲ್ಲ.

"ನಾನೇ ನೋಡಿದ್ದು ಸಾ. ನಮ್ಮ ಬಾಡಿಗೆ ಮನೇಲಿ ಮಂಜುಳನ ಅಮ್ಮ ಹಂಗೇ ಮಾಡ್ತಾರೆ. ಅವ್ರ ಯಜಮಾನ್ರು ತೀರ್ಕೊಂಡವ್ರೆ. ಇದಾರೆ ಅಂತ ತೋರ್ಸೋಕೆ ಅಂಗಿ ಒಣಗಿ ಹಾಕ್ತಾರೆ."

ಕ್ಲಾಸೆಲ್ಲ ಮಂಜಿಯ ಕಡೆ ತಿರುಗಿತು. ಮೇಷ್ಟ್ರಿಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. "ನೋಡ್ರೋ, ಪದ್ಯ ಓದೋದು ಅಂದ್ರೆ ಇದು! ಜೀವನದಿಂದ ತಗೊಂಡು ಹೇಳಿದ್ಲು" ಎಂದು ಮೇಜು ಕುಟ್ಟಿದರು. ಆಮೇಲೆ ಮಂಜಿಯನ್ನು ಎಬ್ಬಿಸಿದರು. "ನಿಮ್ಮನೇದೇ ವಿಷಯ, ನಿನಗೇ ಹೊಳೀಲಿಲ್ವಲ್ಲೇ. ಇವಳಿಗೆ ಎರಡು ಕೊಡು ಶೈಲಾ."

ಮೂವತ್ತೆಂಟು ಕೆನ್ನೆ ಮುಗಿಸಿ ಅವಳ ಹತ್ತಿರ ಬಂದೆ. ಮೂಗು ಹಿಡಿದೆ. ಅವಳು ಕಣ್ಣು ಮುಚ್ಚಲಿಲ್ಲ, ಅಳಲೂ ಇಲ್ಲ. ಬಾಯಲ್ಲಿ ಉಸಿರಾಡುತ್ತಾ, ನನಗಷ್ಟೇ ಕೇಳುವ ಹಾಗೆ, "ಜೋರಾಗ್ ಒಡಿ. ಇಲ್ದಿದ್ರೆ ನಿಂಗೂ ಬೀಳ್ತದೆ" ಅಂದಳು. ನಾನು ಹೊಡೆದೆ. ಎರಡನೆಯದು ಮೊದಲನೆಯದಕ್ಕಿಂತ ಜೋರಾಗಿತ್ತು. ಮೇಷ್ಟ್ರ ಭಯಕ್ಕೆ ಹೊಡೆದೆ ಎಂದು ಎಷ್ಟೋ ವರ್ಷ ನಂಬಲು ನೋಡಿದೆ. ನಿಜವೆಂದರೆ, ಅಷ್ಟು ಹೊತ್ತಿಗೆ ನನ್ನ ಕೈಗೆ ರುಚಿ ಹತ್ತಿತ್ತು.

ಸಂಜೆಗೆ ಸುರೇಶನ ತಾಯಿ ಹೊಲಿಯಲು ಕೊಟ್ಟ ಬ್ಲೌಸನ್ನು ಹಾಗೇ ವಾಪಸು ಕೇಳಿಕೊಂಡು ಬಂದರು. ಭಾನುವಾರ ಇಬ್ಬರು ಗಂಡಸರು ಬಂದು, "ಟೈಲರಮ್ಮ ಅವ್ರಾ? ಗುಂಡಿ ಹಾಕಿಸ್ಬೇಕಿತ್ತು" ಎಂದು ಹಲ್ಲು ಕಿರಿಯುತ್ತಾ ಹಿತ್ತಲ ಗೇಟಿನ ಹತ್ತಿರ ನಿಂತರು. ರತ್ನಮ್ಮ ಬಾಗಿಲು ತೆಗೆಯಲಿಲ್ಲ. ಅಪ್ಪ ಅವರನ್ನು ಬೈದು ಕಳಿಸಿ, ಒಳಗೆ ಬಂದು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಖಾಲಿ ಮಾಡ್ಸು."

ಮಂಗಳವಾರ ಯಾರೂ ಮನೆ ಬದಲಾಯಿಸುವುದಿಲ್ಲ. ಅವರು ಮಂಗಳವಾರವೇ ಹೊರಟರು, ಅರಕಲಗೂಡಿನ ಹತ್ತಿರ ರತ್ನಮ್ಮನ ಅಣ್ಣನ ಮನೆಗೆ. ಅಲ್ಲಿ ಅತ್ತಿಗೆ ಬಾಯಿಗೆ ಹೆದರಿಯೇ ಅವರು ಮೊದಲು ಬಾಡಿಗೆ ಮನೆ ಹುಡುಕಿದ್ದು ಎಂದು ಮಂಜಿ ಆ ಶುಕ್ರವಾರವೇ ಹೇಳಿದ್ದಳು. ಬೀಗದ ಕೈ ಕೊಡಲು ರತ್ನಮ್ಮ ಬಂದಾಗ ಅಮ್ಮ ಮುಖ ತಿರುಗಿಸಿಕೊಂಡೇ ಕೇಳಿದಳು.

"ಕುಂಕುಮ ಇಟ್ಕೊಂಡು ನಮ್ಮನ್ನ ಏಮಾರಿಸ್ದೆಯಲ್ಲಮ್ಮಾ. ನಿಜ ಹೇಳಿದ್ರೆ ಏನಾಗ್ತಿತ್ತು?"

"ಮನೆ ಕೊಡ್ತಿದ್ರಾ ಅಕ್ಕಾ?"

ಅಮ್ಮ ಬೀಗದ ಕೈ ತೆಗೆದುಕೊಂಡು ಒಳಗೆ ಹೋದಳು. ಮಂಜಿ ಗೇಟಿನಾಚೆ ಹೊಲಿಗೆ ಮಿಷನ್ನಿನ ತಲೆಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು. ನಾನು ಬಾಗಿಲ ಹಿಂದೆ ಇದ್ದೆ. ಅವಳು ಕರೆಯಲಿಲ್ಲ, ನಾನೂ ಈಚೆ ಬರಲಿಲ್ಲ.

ವಾರ್ಷಿಕ ಪರೀಕ್ಷೆಗೆ ಅದೇ ಪ್ರಶ್ನೆ ಬಂತು. ಗಂಡನ ಮೇಲಿನ ಪ್ರೀತಿಯಿಂದ ಎಂದು ಗೈಡಿನಲ್ಲಿದ್ದದ್ದನ್ನೇ ಬರೆದೆ. ಪೇಪರು ತಿದ್ದಿದ ಬೇರೆ ಸ್ಕೂಲಿನವರು ಪೂರ್ತಿ ಅಂಕ ಕೊಟ್ಟರು.

ಈಗ ನಾನು ಹಾಸನದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಯಾರೂ ಯಾರ ಮೂಗನ್ನೂ ಹಿಡಿಯುವಂತಿಲ್ಲ, ಒಳ್ಳೆಯದೇ ಆಯಿತು. ಮಕ್ಕಳು ಫೋನಿನಲ್ಲಿ ಅರ್ಥ ಹುಡುಕಿ ಬರೆದುಕೊಂಡು ಬರುತ್ತಾರೆ, ನಾನು ಸರಿ ಗುರುತು ಹಾಕುತ್ತೇನೆ. ಮಂಜಿ ಓದಿದ ಹಾಗೆ ಪದ್ಯ ಓದಿದವರನ್ನು ಆಮೇಲೆ ನಾನು ಕಂಡಿಲ್ಲ. ನನ್ನನ್ನು ಅಷ್ಟು ನಂಬಿದವರನ್ನೂ ಕಂಡಿಲ್ಲ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳೋ, ಸೋದರಮಾವನ ಮನೆಯ ಮುಸುರೆ ತಿಕ್ಕುವುದರಲ್ಲೇ ಅವಳ ಓದು ಮುಗಿಯಿತೋ ಗೊತ್ತಿಲ್ಲ. ಅರಕಲಗೂಡು ಇಲ್ಲಿಂದ ಒಂದು ಗಂಟೆಯ ದಾರಿ. ಹೋದರೆ ಅವಳು ಬಯ್ಯುವವಳಲ್ಲ, "ಬಾರೇ, ಕುಂತ್ಕೋ" ಅನ್ನುವವಳು. ಅದಕ್ಕೇ ಹೋಗಿಲ್ಲ.