ಎಷ್ಟು ಸೇರು ಅಕ್ಕಿ?

ಮಕ್ಕಳಿಗಾಗಿ ನಾನು ಬರೆದ ಮೊದಲ ಪತ್ತೇದಾರಿ ಕಾದಂಬರಿಯನ್ನು ಯಾರಾದರೂ ಹೊಗಳಿದರೆ ಇವತ್ತಿಗೂ ನನ್ನ ತಲೆ ತಗ್ಗುತ್ತದೆ. ಅದರಲ್ಲಿ ಪತ್ತೇದಾರ ಒಂದು ಬೆಕ್ಕು, ಅದರ ಸಹಾಯಕ ಕತ್ತೆ, ದೂರು ತಂದದ್ದು ಎಮ್ಮೆ. 'ನನ್ ಅಕ್ಕಿ ಕಾಣ್ತಾ ಇಲ್ಲ ಸ್ವಾಮಿ' ಎಂದು ಎಮ್ಮೆ ಗೋಳೋ ಎನ್ನುತ್ತದೆ. ಬೆಕ್ಕು ಕನ್ನಡಕ ಏರಿಸಿ ಊರಿನ ಇಲಿಗಳನ್ನೆಲ್ಲ ಠಾಣೆಗೆ ಎಳೆತರುತ್ತದೆ, ರೇಷನ್ ಅಂಗಡಿಯ ಮೂಟೆಗಳನ್ನು ಬಿಚ್ಚಿಸುತ್ತದೆ, ಕತ್ತೆ ಮೂಸಿ ಮೂಸಿ ಸೀನುತ್ತದೆ. ಕಳೆದದ್ದು ಅಕ್ಕಿಯಲ್ಲ, ಹಕ್ಕಿ ಎಂದು ಕೊನೆಗೆ ಗೊತ್ತಾಗುತ್ತದೆ. ಎಮ್ಮೆಯ ಬೆನ್ನ ಮೇಲೆ ಕೂರುತ್ತಿದ್ದ ಬೆಳ್ಳಕ್ಕಿ. ಎಮ್ಮೆಯ ಬಾಯಲ್ಲಿ ಹಕಾರ ಹೊರಡುವುದಿಲ್ಲ, ಅಷ್ಟೇ ರಹಸ್ಯ.

ಈ ಕಥೆ ನನ್ನ ಕಲ್ಪನೆ ಎಂದು ನಾನು ಹೇಳಿಕೊಂಡು ಓಡಾಡಿದೆ. ಅಲ್ಲ.

ಐವತ್ತರ ದಶಕದ ಕೊನೆಯಲ್ಲಿ ಮೈಸೂರಿನ ಒಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ನಾನು ಕನ್ನಡ ಟೀಚರಾಗಿದ್ದೆ. ಹೊಸ ಕೆಲಸ, ಗಂಜಿ ಹಾಕಿದ ಸೀರೆ, ಮೂಗಿನ ತುದಿಯಲ್ಲೇ ಕೋಪ. ಮೇಟಗಳ್ಳಿ ಕಡೆಯಿಂದ ನಡೆದು ಬರುತ್ತಿದ್ದ ಒಕ್ಕಲು ಮನೆಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಬಲು ಮಾತಿನಮಲ್ಲಿ. ಪ್ರಶ್ನೆ ಮುಗಿಯುವ ಮೊದಲೇ ಅವಳ ಉತ್ತರ ಬಂದಿರುತ್ತಿತ್ತು. ಒಂದು ಬೆಳಿಗ್ಗೆ ಅವಳು ತಡವಾಗಿ ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು.

"ಯಾಕೆ ಇಷ್ಟು ಹೊತ್ತು?" ಎಂದೆ.

"ನಮ್ ಅಕ್ಕಿ ಓಗ್ಬುಡ್ತು ಮಿಸ್."

"ಎಷ್ಟು ಸೇರು?"

"ಒಂದೇ ಒಂದು ಮಿಸ್. ನಾನೇ ಸಾಕಿದ್ದು. ಕೈ ಮ್ಯಾಲೆ ಬಂದು ಕೂತ್ಕತಿತ್ತು."

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅವಳು ಸಾಕಿದ್ದ ಗೊರವಂಕ ಹಾರಿಹೋಗಿತ್ತು.

ಅದೇ ವಾರ ಕಾದಂಬರಿ ಶುರುವಾಯಿತು. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಒಂದೊಂದು ಅಧ್ಯಾಯ ಓದುತ್ತಿದ್ದೆ. ಎಮ್ಮೆಯ ಸರದಿ ಬಂದಾಗ ಆ ಹುಡುಗಿಯ ದನಿಯನ್ನೇ ತೆಗೆಯುತ್ತಿದ್ದೆ, ಮಕ್ಕಳು ಬೆಂಚು ಬಡಿಯುತ್ತಿದ್ದರು. ಮೊದಮೊದಲು ಅವಳೂ ನಕ್ಕಳು. "ಎಮ್ಮೆಗೆ ಅಕ್ಕಿ ವಾಪಸ್ ಸಿಕ್ತದಾ ಮಿಸ್?" ಎಂದು ಒಮ್ಮೆ ನನ್ನ ಹಿಂದೆಯೇ ಸ್ಟಾಫ್ ರೂಮಿನವರೆಗೂ ಬಂದಿದ್ದಳು. ಆಮೇಲೆ ಅವಳನ್ನು ಎಲ್ಲರೂ ಎಮ್ಮೆ ಎಂದೇ ಕರೆಯತೊಡಗಿದರು. ಅವಳು ಕೈ ಎತ್ತುವುದನ್ನು ಬಿಟ್ಟಳು.

ತಿಂಗಳೆರಡು ಕಳೆದ ಮೇಲೆ ಪಾಠ ಓದಲು ಎಬ್ಬಿಸಿದೆ. ಎದ್ದು ನಿಂತು, ಉಸಿರು ಕಟ್ಟಿ, "ಹಮ್ಮ ಹಕ್ಕಿ ತೊಳೆದು ಹನ್ನ ಮಾಡಿದಳು" ಎಂದು ಓದಿದಳು. ಎಲ್ಲಿ ಹಕಾರ ಬೇಕೋ ಎಲ್ಲಿ ಬೇಡವೋ ತಿಳಿಯದೆ, ಪಾಪ, ಎಲ್ಲಕ್ಕೂ ಹಚ್ಚಿಬಿಟ್ಟಿದ್ದಳು. ಈ ಸಲ ನಾನು ನಗಲಿಲ್ಲ. ಆದರೆ ನಗುತ್ತಿದ್ದವರನ್ನು ಗದರಲೂ ಇಲ್ಲ.

ಈಗ ನಿಜ ಹೇಳುತ್ತೇನೆ. ಆ ಬೆಳಿಗ್ಗೆ ಅವಳು ಅಕ್ಕಿ ಎಂದದ್ದು ಹಕ್ಕಿಯನ್ನೇ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ನಾನು ಹುಟ್ಟಿದ್ದು ಅಂಥದೇ ಹಳ್ಳಿ ಮಂಡಕಳ್ಳಿಯಲ್ಲಿ. ಒಂಬತ್ತು ವರ್ಷದವರೆಗೂ ನನ್ನ ಬಾಯಲ್ಲೂ ಹಕ್ಕಿ ಅಕ್ಕಿಯೇ ಆಗಿತ್ತು. "ಇಟ್ಟು ಉಣ್ಣು ಬಾರವ್ವ" ಎಂದು ಕರೆಯುವ ತಾಯಿಯ ಮಗಳು ನಾನು. ಓದಲು ಮೈಸೂರಿನ ಚಿಕ್ಕಮ್ಮನ ಮನೆಗೆ ಬಂದ ಮೇಲೆ ಕಷ್ಟಪಟ್ಟು ನಾಲಿಗೆ ತಿದ್ದಿಕೊಂಡೆ. ಬೆಳ್ಳಕ್ಕಿ ಎನ್ನುವಾಗ ದೊಡ್ಡ ಪಂಡಿತರೂ ಹಕಾರ ನುಂಗುತ್ತಾರೆ, ಅದಕ್ಕೆ ಯಾರೂ ನಗುವುದಿಲ್ಲ. ಇಷ್ಟೆಲ್ಲ ತಿಳಿದಿದ್ದೂ, ಅಳುತ್ತ ನಿಂತ ಮಗುವನ್ನು ಎಷ್ಟು ಸೇರು ಎಂದು ಕೇಳಿದೆ. ನಾನು ಆ ಕಡೆಯವಳಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ನನ್ನ ಬಗ್ಗೆ ನನಗೆ ಅಸಹ್ಯವಾಗುವುದು ಇಲ್ಲಿಯೇ.

ವರ್ಷದ ಕೊನೆಗೆ ಅವಳ ತಂದೆ ತಾಯಿ ಸ್ಟಾಫ್ ರೂಮಿಗೆ ಬಂದರು. ಜಗಳಕ್ಕೆ ಬಂದರೆಂದುಕೊಂಡು ನಾನು ಎದ್ದು ನಿಂತೆ. ತಂದೆ ಕೈಮುಗಿದರು.

"ನಿಮ್ಮಿಂದ ಮಗು ಎಷ್ಟು ಚಂದಾಗಿ ಮಾತಾಡ್ತದೆ ಅವ್ವಾರೆ! ಮನೇಲಿ ನಮ್ಮುನ್ನೆಲ್ಲ ತಿದ್ತದೆ."

ತಾಯಿ ಸೆರಗಿನಲ್ಲಿ ಅವರೆಕಾಯಿ ತಂದಿದ್ದರು. ಮುಂದೆ ಬಂದು, "ತಕ್ಕಳಿ ಕಣವ್ವ, ನಮ್ ಒಲದ್ದು..." ಎನ್ನುವಷ್ಟರಲ್ಲಿ ಹುಡುಗಿ ಓಡಿಬಂದು ತಾಯಿಯ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀನು ಮಾತಾಡಬೇಡ ಅವ್ವ. ಮಿಸ್ ನಗ್ತಾರೆ."

ತಾಯಿ ಕಾಯಿಗಳನ್ನು ಮೇಜಿನ ಮೇಲೆ ಸುರಿದರು.

'ಯಾಕವ್ವ ಎದರ್ಕತೀರಿ, ನಮ್ಮವ್ವನೂ ಇಂಗೇಯ ಮಾತಾಡದು' ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು, ಆ ಮಗು ಕೈ ತೆಗೆಯುತ್ತಿತ್ತು. ಪಕ್ಕದ ಕುರ್ಚಿಗಳಲ್ಲಿ ಉಳಿದ ಟೀಚರುಗಳು ಕೂತಿದ್ದರು.

"ಬಹಳ ಸಂತೋಷ, ಹೋಗಿ ಬನ್ನಿ" ಎಂದೆ, ಒಂದು ಹಕಾರವನ್ನೂ ನುಂಗದೆ.