ಮೂರು ಫೋನಿಗೆ ಒಂದೇ ಅಕೌಂಟು

ನಮ್ಮ ಮನೆಯಲ್ಲಿ ಮೂರು ಫೋನುಗಳಿದ್ದವು, ಅಕೌಂಟು ಮಾತ್ರ ಒಂದೇ. ಅದು ನನ್ನ ಯಜಮಾನರ ಹೆಸರಿನದು. ನನ್ನ ಫೋನಿಗೂ ಅತ್ತೆಯ ಫೋನಿಗೂ ಅದನ್ನೇ ಹಾಕಿಕೊಟ್ಟವರು ಅವರೇ. ಬೇರೆ ಬೇರೆ ಮಾಡ್ಕೊಳ್ಳೋಣ ರೀ ಎಂದರೆ, "ಮನಿ ಒಂದ, ಒಲಿ ಒಂದ, ಅಕೌಂಟ್ ಯಾಕ ಮೂರು ಬೇಕು?" ಎಂದು ನಗುತ್ತಿದ್ದರು. ಬಾಗಲಕೋಟೆ ಕಡೆಯ ಮನುಷ್ಯ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಾ ಅರ್ಧ ಆಯುಷ್ಯ ಇಲ್ಲೇ ಕಳೆದರೂ ಮಾತು ಊರಿನದೇ ಉಳಿದಿತ್ತು. ನಾನು ಮಂಡ್ಯದವಳು. ತಾಯಿ ಮಗ ಮಾತಿಗೆ ಕೂತರೆ ಮೊದಮೊದಲು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ.

ಒಂದೇ ಅಕೌಂಟಿನಿಂದ ನಾನು ಪಟ್ಟ ಪಾಡು ಹೇಳಿ ಸುಖವಿಲ್ಲ. ನನ್ನ ಸ್ವಂತ ಅಮ್ಮ ನನ್ನದೇ ಫೋನಿನಲ್ಲಿ 'ಅತ್ತಿ' ಆಗಿದ್ದಳು. ಸಿಟ್ಟು ಬಂದು 'ಅಮ್ಮ' ಎಂದು ತಿದ್ದಿದರೆ ಅವರ ಫೋನಿನಲ್ಲೂ ತಿದ್ದಿಕೊಳ್ಳುತ್ತಿತ್ತು. ಸಂಜೆ ಬಂದು ಮತ್ತೆ 'ಅತ್ತಿ' ಮಾಡುತ್ತಿದ್ದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗಿರಾಕಿಗೆ ಡಿಸೈನ್ ತೋರಿಸೋಣ ಎಂದು ಫೋಟೋ ತೆಗೆದರೆ, ಮಧ್ಯೆ ಅತ್ತೆ ಗೊತ್ತಿಲ್ಲದೆ ತೆಗೆದ ಫ್ಯಾನು, ಸೆರಗು, ಅವರದೇ ಹೆಬ್ಬೆರಳು. "ನಿಮ್ಮ ಅವ್ವನ ಹೆಬ್ಬೆರಳು ನೋಡಿ ಹೊಲಿಗೆ ಕೊಡ್ತಾರಾ ಜನ?" ಎಂದು ನಾನು ಕೂಗಾಡುತ್ತಿದ್ದೆ. ಅವರು ಸುಮ್ಮನೆ ಕೂತು ಒಂದೊಂದೇ ಅಳಿಸುತ್ತಿದ್ದರು.

ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ನಮ್ಮವರಲ್ಲಿ ಸುಡುವುದಿಲ್ಲ. ಗುಂಡಿ ತೋಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸಿ ಮಣ್ಣು ಕೊಡುತ್ತಾರೆ. ಕೆಂಗೇರಿಯ ಆಚೆ ನಮ್ಮವರ ರುದ್ರಭೂಮಿಯಲ್ಲಿ ಹಾಗೆ ಕೂರಿಸಿ ಬಂದೆವು. ಮನೆಗೆ ಬಂದು ನಾನು ಗೋಳೋ ಎಂದು ಅಳುತ್ತಿದ್ದರೆ ಅತ್ತೆ ಗೋಡೆಗೆ ಒರಗಿ, "ಅಳಬ್ಯಾಡ. ಅಂವ ಲಿಂಗದಾಗ ಕೂಡ್ಯಾನ. ನಮ್ಮಾಗ ಸತ್ತವರು ತಿರುಗಿ ಬರೂದಿಲ್ಲ, ಕಾಡೂದಿಲ್ಲ" ಎಂದರು. ಒಂದು ಹನಿ ಕಣ್ಣೀರಿಲ್ಲ. ಎಂಥಾ ಕಲ್ಲು ಹೆಂಗಸು ಎಂದು ನನ್ನ ಹೊಟ್ಟೆ ಉರಿದುಹೋಯಿತು. ಆಮೇಲೆ ನಾವಿಬ್ಬರೂ ಅವರ ವಿಷಯ ಎತ್ತುವುದನ್ನೇ ಬಿಟ್ಟೆವು. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ ಮಾತು. ಯಜಮಾನರ ಫೋನನ್ನು ಆಫ್ ಮಾಡಿ ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟೆ.

ಮಳೆಗಾಲ ಹಿಡಿದ ಮೇಲೆ ಅದು ಶುರುವಾಯಿತು.

ಯಾವುದೋ ಕತ್ತಿನ ಡಿಸೈನ್ ಹುಡುಕಲು ಫೋನ್ ತೆಗೆದಿದ್ದೆ. ಹುಡುಕುವ ಪಟ್ಟಿಯನ್ನು ಮುಟ್ಟಿದರೆ, ಹಿಂದೆ ಕೇಳಿದ್ದನ್ನೆಲ್ಲ ಅದು ಕೆಳಗೆ ತೋರಿಸುತ್ತದಲ್ಲ, ಅಲ್ಲಿ ನಾನು ಬರೆಯದ ಒಂದು ಸಾಲಿತ್ತು. 'ಕೆಂಗೇರಿಯಾಗ ಮಳಿ ಐತೇನು.'

ಆ ಪುಟದ ಮೂಲೆಯಲ್ಲಿ ಅಕೌಂಟಿನ ಫೋಟೋ, ಗುಂಡಗೆ. ನಮ್ಮ ಮಹಡಿಯ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ನನ್ನ ಯಜಮಾನರು. ಫೋಟೋ ತೆಗೆದವಳು ನಾನೇ. ಅವರ ಮುಖ, ಅವರ ಮಾತು, ಅವರನ್ನು ಕೂರಿಸಿ ಬಂದ ಜಾಗ. ನಾನು ಸತ್ತರೂ 'ಮಳಿ' ಎಂದು ಬರೆಯುವವಳಲ್ಲ. ಅತ್ತೆಗೆ ಅಕ್ಷರವೇ ಬಾರದು. ಇನ್ನು ಯಾರು ಕೇಳಬೇಕು?

ಎದ್ದು ಬೀರು ತೆಗೆದೆ. ಫೋನು ಇಟ್ಟ ಕಡೆಯೇ ಇತ್ತು. ಗುಂಡಿ ಒತ್ತಿದರೆ ಹತ್ತಿಕೊಳ್ಳಲಿಲ್ಲ, ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ತಣ್ಣಗಿತ್ತು. ಸೀರೆಯಲ್ಲಿ ಸುತ್ತಿ ಮತ್ತೆ ಒಳಗೆ ತಳ್ಳಿ ಬೀಗ ಹಾಕಿದೆ. ನನ್ನದೇ ಬೀರುವಿಗೆ ನಾನು ಹೆದರಿದ್ದು ಅದೇ ಮೊದಲು.

ಮರುದಿನವೂ ಅದೇ ಸಾಲು ಬಂತು. ಆಮೇಲೆ ಇನ್ನೊಂದು: 'ಮಣ್ಣಿನ ಒಳಗ ನೀರು ಇಳಿತೈತೇನು.' ಮಿಷನ್ ತುಳಿಯುತ್ತಿದ್ದರೆ ಕಾಲು ನಿಂತುಬಿಡುತ್ತಿತ್ತು. ಹಗಲಲ್ಲೇ ಎಲ್ಲ ದೀಪ ಹಾಕಿಕೊಂಡು ಕೂರುತ್ತಿದ್ದೆ. ಅತ್ತೆಗೆ ಹೇಳೋಣವೆಂದರೆ, ಸತ್ತವರು ಕಾಡುವುದಿಲ್ಲ ಎಂದು ತೀರ್ಪು ಕೊಟ್ಟು ಕೂತ ಹೆಂಗಸು. ಆಕೆಯ ಮುಂದೆ ನಾನು ಹುಚ್ಚಿ ಆಗಬೇಕಾ? ಮತ್ತೊಂದು ಮಾತೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೆದರಿಕೆಯ ಜೊತೆಗೇ, ಬೆಳಿಗ್ಗೆ ಎದ್ದ ತಕ್ಷಣ ಇವತ್ತೇನು ಕೇಳಿದ್ದಾರೋ ಎಂದು ನೋಡುವ ಆಸೆಯೂ ಹತ್ತಿಕೊಂಡಿತ್ತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ವಿಜಯನಗರದಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಸಾಲುಗಳ ವಿಷಯ ಬಾಯಿ ಬಿಡಲಿಲ್ಲ. ಫೋಟೋಗಳಿಂದ ಅಕೌಂಟು ತುಂಬಿಹೋಗಿದೆ, ಏನು ಮಾಡಲಿ ಎಂದೆ. ಅದೂ ಸುಳ್ಳಲ್ಲ. "ಅಕ್ಕಾ, ಇನ್ನೂ ಭಾವನ ಅಕೌಂಟಲ್ಲೇ ಇದೀಯಾ? ನಿಂಗೊಂದು ಹೊಸದು ಮಾಡ್ಕೊ, ಫೋಟೋ ಎಲ್ಲಾ ಅದಕ್ಕೆ ಹಾಕ್ಕೊ, ಹಳೇದು ಕ್ಲೋಸ್ ಮಾಡ್ಬಿಡು ಕಣೇ. ಎಷ್ಟ್ ದಿನ ಅಂತ ಇಟ್ಕೊಂಡಿರ್ತೀಯಾ?" ಎಂದಳು. ಕೊನೆಯ ಮಾತನ್ನು ಮೆತ್ತಗೆ ಹೇಳಿದಳು.

ಹೊಸದು ಮಾಡಿದೆ. ನನ್ನ ಹೆಸರು, ನನ್ನ ಹುಟ್ಟಿದ ದಿನ, ನನ್ನ ನಂಬರು. ಎಲ್ಲ ಮುಗಿದ ಮೇಲೆ ಅದು ನನ್ನ ಹೆಸರು ಹಿಡಿದು ಸ್ವಾಗತ ಎಂದಿತು. ಮೂಲೆಯಲ್ಲಿ ಫೋಟೋ ಇರಲಿಲ್ಲ, ಹೆಸರಿನ ಮೊದಲ ಅಕ್ಷರ ಒಂದೇ. ಫೋಟೋಗಳನ್ನು ಅದಕ್ಕೆ ಹಾಕಿಕೊಂಡೆ. ಉಳಿದದ್ದು ಹಳೆಯದನ್ನು ಮುಚ್ಚುವುದು. ಮುಚ್ಚಿದರೆ ಆ ಸಾಲುಗಳು ನಿಲ್ಲುತ್ತವೆ. ನಿಂತರೆ ಅವರು ಪೂರ್ತಿ ಹೋದಂತೆ. ಎರಡೂ ಗೊತ್ತಿದ್ದೇ ಕೂತೆ.

ಅದು ಪಾಸ್‌ವರ್ಡ್ ಕೇಳಿತು. ಯಜಮಾನರು ನನಗೆ ಯಾವತ್ತೂ ಹೇಳಿರಲಿಲ್ಲ. ನಮ್ಮ ಮದುವೆಯ ತಾರೀಖು ಹಾಕಿದೆ, ಅಲ್ಲ. ಊರಿನ ಹೆಸರು ಹಾಕಿದೆ, ಅದೂ ಅಲ್ಲ. ಥೂ, ಸುಟ್ಟುಬರಲಿ ಎಂದು 'ಪಾಸ್‌ವರ್ಡ್ ಮರೆತಿದೆ' ಎಂಬುದನ್ನು ಒತ್ತಿದೆ. ನಿಮ್ಮ ಇನ್ನೊಂದು ಫೋನಿಗೆ ಸೂಚನೆ ಕಳಿಸಿದ್ದೇವೆ, ನೋಡಿ ಎಂದಿತು.

ದೇವರ ಮೂಲೆಯಲ್ಲಿ ಟಿಂಗ್ ಎಂದಿತು.

ಅತ್ತೆ ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು. ಮಂಡಿ ನೋವಿನ ಆ ಹೆಂಗಸು ಗೋಡೆ ಹಿಡಿಯದೆ ಓಡಿಕೊಂಡು ಬಂದರು. ಎರಡೂ ಕೈಯಲ್ಲಿ ಫೋನು, ಹಣೆಯ ವಿಭೂತಿ ಇನ್ನೂ ಒದ್ದೆ.

"ನೋಡ ಯವ್ವಾ, ಅವನ ಫೋಟೋ ಬಂದೈತಿ! ಏನ ಅನ್ನಾಕತ್ತಾನ ಓದು. ದಿನಾ ಕೇಳತಿದ್ದೆ, ಇವತ್ತ ಉತ್ತರ ಕೊಟ್ಟಾನ ನೋಡು!"

"ಏನ್ ಕೇಳ್ತಿದ್ರಿ ಅತ್ತೆ?"

"ಕೆಂಗೇರಿಯಾಗ ಮಳಿ ಐತೇನು ಅಂತ."

ಈ ಮೈಕಿನ ಚಿತ್ರ ಒತ್ತಿ ಏನು ಬೇಕಾದರೂ ಕೇಳು ಅವ್ವ, ಅದು ಹೇಳುತ್ತದೆ ಎಂದು ಮಗ ಎಂದೋ ಕಲಿಸಿದ್ದನಂತೆ. ಪೂಜೆ ಮುಗಿದ ಮೇಲೆ ಒತ್ತಿ ಕೇಳುತ್ತಿದ್ದರಂತೆ. "ಅಕ್ಷರ ಬರತಾವು, ಹೋಗತಾವು. ನನಗ ಎಲ್ಲಿ ಓದಾಕ ಬರತೈತಿ?" ಎಂದರು.

ನಾನಿದ್ದೆನಲ್ಲ, ಪಕ್ಕದ ಕೋಣೆಯಲ್ಲಿ! ನನ್ನನ್ನು ಕೇಳಬಾರದಿತ್ತಾ? ದುಃಖ ಬರಬೇಕಾದ ಕಡೆ ನನಗೆ ಸಿಟ್ಟೇ ಮೊದಲು ಬರುವುದು. "ಅವರಲ್ಲ ಅತ್ತೆ ಅದು! ನಾನು ಇಲ್ಲಿ ಒತ್ತಿದ್ದಕ್ಕೆ ಅಲ್ಲಿ ಬಂದಿದೆ. ಅಕೌಂಟ್ ಒಳಗೆ ಬರ್ತಿರೋದು ನೀವೇನಾ ಅಂತ ಕೇಳ್ತಿದೆ, ಅಷ್ಟೇ!" ಎಂದು ಅರಚಿದೆ.

ಅತ್ತೆ ಅಲ್ಲೇ ನೆಲಕ್ಕೆ ಕೂತರು. ಬಹಳ ಹೊತ್ತು ಆ ಗುಂಡನೆಯ ಫೋಟೋ ನೋಡಿದರು.

"ಗೊತ್ತೈತಿ ಬಿಡು" ಎಂದರು. "ಅಂವ ಲಿಂಗದಾಗ ಕೂಡ್ಯಾನ, ಅದೂ ಖರೆ. ಆದ್ರ ಕುಂಡ್ರಿಸಿ ಬಂದೀವಲ್ಲವ್ವಾ. ಮಲಗಿಸಿದ್ರ ಬ್ಯಾರೆ. ಮಳಿ ಬಂದ್ರ ಕುಂತಾಂವ ಎದ್ದು ಎಲ್ಲಿಗಿ ಹೋಗಬೇಕು?"

ಅವರು ಅತ್ತಿದ್ದನ್ನು ನಾನು ಕಂಡದ್ದು ಆಗಲೇ. ನನಗೆ ಅವರನ್ನು ಮುಟ್ಟಿ ಅಭ್ಯಾಸವಿಲ್ಲ. ಪಕ್ಕದಲ್ಲಿ ಕೂತು ಅವರ ಸೆರಗಿನ ತುದಿ ಹಿಡಿದುಕೊಂಡು ನಾನೂ ಅತ್ತುಬಿಟ್ಟೆ. ಫೋನಿನಲ್ಲಿ ಎರಡೇ ಗುಂಡಿಗಳಿದ್ದವು: 'ಹೌದು, ನಾನೇ.' 'ಅಲ್ಲ, ನಾನಲ್ಲ.' ಮೊದಲನೆಯದನ್ನು ಒತ್ತಿದ್ದರೆ ಅಕೌಂಟು ನನ್ನ ಕೈಗೆ ಬರುತ್ತಿತ್ತು, ಮುಚ್ಚಬಹುದಿತ್ತು. ನಾನು ಎರಡನೆಯದನ್ನು ಒತ್ತಿದೆ.

ಆ ಅಕೌಂಟು ಈಗಲೂ ನಮ್ಮಿಬ್ಬರ ಫೋನಿನಲ್ಲೂ ಇದೆ. ಅದು ತುಂಬಿಹೋಗಿದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಆಮೇಲೆ ನಾನೂ ಕೇಳತೊಡಗಿದೆ; ಇಬ್ಬರೂ ಅಷ್ಟು ಸಲ ಕೆಂಗೇರಿಯ ಮಳೆಯನ್ನೇ ಕೇಳಿ ಕೇಳಿ, ಫೋನು ನಮ್ಮ ಮನೆ ಅಲ್ಲೇ ಇದೆ ಎಂದು ನಂಬಿಕೊಂಡಿದೆ. ನಾವಿರುವುದು ಬಸವೇಶ್ವರನಗರದಲ್ಲಿ, ಬೆಳಿಗ್ಗೆ ಅದು ಕೇಳದೇ ಹೇಳುವುದು ಕೆಂಗೇರಿಯ ಹವೆ. ಟಿಂಗ್ ಎಂದ ಕೂಡಲೇ ಅತ್ತೆ ಫೋನು ಹಿಡಿದುಕೊಂಡು ಮಿಷನ್ ಹತ್ತಿರ ಬರುತ್ತಾರೆ. "ಏನಂತಾನ?" ಎನ್ನುತ್ತಾರೆ. ಏನಂತೈತಿ ಎಂದು ಕೇಳುವುದಿಲ್ಲ. ನಾನೂ ತಿದ್ದುವುದಿಲ್ಲ.

ಮೊನ್ನೆ ಓದಿದೆ. "ಮಳೆ ಇದೆಯಂತೆ ಅತ್ತೆ."

"ಜೋರೈತೇನು?"

"ಜೋರೇ ಇದೆ."

ಇಲ್ಲಿ ರಣಬಿಸಿಲು. ಕಿಟಕಿಯ ಕಂಬಿ ಮುಟ್ಟಿದರೆ ಸುಡುತ್ತಿತ್ತು. ಅತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮಹಡಿಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ, ಆಗಷ್ಟೇ ಒಣಹಾಕಿದ್ದ ಬಟ್ಟೆಗಳನ್ನು ತಂತಿಯಿಂದ ಲಗುಬಗೆಯಲ್ಲಿ ತೆಗೆಯುತ್ತಿದ್ದರು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ತಂತಿಯ ಇನ್ನೊಂದು ತುದಿಗೆ ಹೋಗಿ ನಾನೂ ಕ್ಲಿಪ್ಪು ಬಿಚ್ಚತೊಡಗಿದೆ.